ಮನೆಪಾಠಕ್ಕೆ ಬರುವ ಹುಡುಗರಿಗೆ ನಾಲ್ಕು ಜನರ ಮುಂದೆ ಮಾತಾಡೋದನ್ನ ಹೇಗೆ ಕಲಿಸಲಿ?

ನೀವು ಕೇಳಿರುವುದು ಇಷ್ಟು. ದಾವಣಗೆರೆಯಲ್ಲಿ ಮನೆಪಾಠ ಹೇಳುತ್ತೀರಿ, ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ಹದಿನೈದು ಮಕ್ಕಳಿದ್ದಾರೆ, ಲೆಕ್ಕ ಕೊಟ್ಟರೆ ಪಟಪಟ ಬಿಡಿಸುತ್ತಾರೆ, ಎದ್ದು ನಿಂತು ಏನಾದರೂ ಹೇಳು ಅಂದರೆ ನೆಲ ನೋಡುತ್ತಾರೆ. ಎಲ್ಲಿಂದ ಶುರು ಮಾಡಲಿ, ಇಂಗ್ಲಿಷ್‌ನಲ್ಲೇ ಮಾಡಿಸಲಾ, ಸ್ಪರ್ಧೆಗೆ ಕಳಿಸಲಾ, ಫೀಸ್ ತಗೋಬಹುದಾ ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೇಷ್ಟ್ರಲ್ಲ. ಹಳೇ ಪಿ.ಬಿ. ರಸ್ತೆ ಹತ್ತಿರ ಸಣ್ಣದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಅದರ ಮಹಡಿ ಮೇಲಿನ ರೂಮಿನಲ್ಲಿ ಒಂಬತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಓಣಿಯ ಹುಡುಗರನ್ನು ಸೇರಿಸುತ್ತೇನೆ. ಹತ್ತು ಹನ್ನೆರಡು ಜನ ಬರುತ್ತಾರೆ, ಪರೀಕ್ಷೆ ಟೈಮಿನಲ್ಲಿ ಮೂರು ಜನ.

ಯಾಕೆ ಶುರು ಮಾಡಿದೆ ಅಂದರೆ, ಒಂಬತ್ತನೇ ಕ್ಲಾಸಿನಲ್ಲಿ ಆಗಸ್ಟ್ 15ಕ್ಕೆ ನನ್ನಿಂದ ಭಾಷಣ ಮಾಡಿಸಿದರು. ಬರೆದುಕೊಟ್ಟಿದ್ದು ಮೇಷ್ಟ್ರು. ಎರಡು ವಾರ ಉರು ಹೊಡೆದಿದ್ದೆ. 'ಪೂಜ್ಯ ಗುರುಗಳೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಅಂತ ಹೇಳಿದೆ, ಅಷ್ಟೊತ್ತಿಗೆ ಗಣ್ಯರಲ್ಲಿ ಒಬ್ಬರು ಕೆಮ್ಮಿದರು. ಮುಂದಿನ ಸಾಲು ಹಾರಿಹೋಯಿತು. ಮತ್ತೆ ಮೊದಲಿಂದ ಶುರು ಮಾಡಿದೆ, ಮತ್ತೆ ಗಣ್ಯರ ಹತ್ತಿರವೇ ನಿಂತೆ. ಮೂರನೇ ಸಲ ಇಡೀ ಶಾಲೆ ನನ್ನ ಜೊತೆ ಸೇರಿ 'ಗಣ್ಯರೇ' ಅಂತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನ ಹೆಸರು ಗಣ್ಯ.

ನಮ್ಮಪ್ಪ ಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಗೇಟ್ ಮೀಟಿಂಗ್ ಇದ್ದ ದಿನ ಒಂದು ಸ್ಟೂಲ್ ಹತ್ತಿ ಚೀಟಿ ಇಲ್ಲದೆ ಹದಿನೈದು ನಿಮಿಷ ಮಾತಾಡುತ್ತಿದ್ದರು, ಒಬ್ಬರೂ ಅಲ್ಲಾಡುತ್ತಿರಲಿಲ್ಲ. ಸಿಪಿಐನಿಂದ ಇಲ್ಲಿನ ಶಾಸಕರಾಗಿದ್ದ ಪಂಪಾಪತಿಯವರೂ ಕಾರ್ಮಿಕ ಸಂಘಟನೆಯಿಂದಲೇ ಮೇಲೆ ಬಂದವರು, ಭಾಷಣದ ಕೋರ್ಸ್ ಮಾಡಿ ಅಲ್ಲ. ಅಪ್ಪನಿಗೆ ಬಂದದ್ದು ನನಗ್ಯಾಕೆ ಬರಲಿಲ್ಲ ಅಂತ ತುಂಬಾ ವರ್ಷ ತಲೆ ಕೆಡಿಸಿಕೊಂಡಿದ್ದೆ. ಅಪ್ಪನ ಮುಂದೆ ನಿಂತಿದ್ದವರಿಗೆ ಬೋನಸ್ ಎಷ್ಟು ಬರುತ್ತೆ ಅಂತ ತಿಳಿಯಬೇಕಿತ್ತು. ನನ್ನ ಮುಂದೆ ಕೂತಿದ್ದವರಿಗೆ ಯಾವಾಗ ಲಾಡು ಹಂಚುತ್ತಾರೆ ಅಂತ ತಿಳಿಯಬೇಕಿತ್ತು. ನಾನು ಹೇಳುತ್ತಿದ್ದದ್ದು ಅವರಿಗೂ ಬೇಡ, ನನಗೂ ಬೇಡ.

ಅದಕ್ಕೇ ನಾನು ಶುರು ಮಾಡುವುದು ಮಾತಾಡುವವರಿಂದ ಅಲ್ಲ, ಕೂತು ಕೇಳುವವರಿಂದ. ಮೊದಲ ನಾಲ್ಕೈದು ವಾರ ಒಂದೇ ನಿಯಮ. ಒಬ್ಬರು ಒಂದು ನಿಮಿಷ ಏನಾದರೂ ಹೇಳಬೇಕು, ಕೂತಲ್ಲೇ ಹೇಳಿದರೂ ಸರಿ. ಮುಗಿದ ಮೇಲೆ ಕೇಳಿದವರಲ್ಲಿ ಮೂವರು ತಮಗೆ ನೆನಪಿರುವ ಒಂದೊಂದು ವಿಷಯ ಹೇಳಬೇಕು. ಚೆನ್ನಾಗಿತ್ತು, ಸೂಪರ್, ಇನ್ನೂ ಧ್ವನಿ ಬೇಕಿತ್ತು ಇವೆಲ್ಲ ಬೇಡ. ಚಪ್ಪಾಳೆ ಕೂಡ ಬೇಡ. 'ನಿಮ್ಮಜ್ಜಿ ಬಸ್ಸಿನಲ್ಲಿ ಕೋಳಿ ತಂದದ್ದು ನೆನಪಿದೆ', ಅಷ್ಟು ಸಾಕು. ಇದರಿಂದ ಏನಾಗುತ್ತೆ ಅಂದರೆ, ಮಾತಾಡಿದ ಹುಡುಗಿಗೆ ತನ್ನ ಮಾತಿನಲ್ಲಿ ಯಾವುದು ಇನ್ನೊಬ್ಬರ ತಲೆಗೆ ಹೋಯಿತು, ಯಾವುದು ಗಾಳಿಗೆ ಹೋಯಿತು ಅಂತ ಅಲ್ಲೇ ಗೊತ್ತಾಗುತ್ತೆ, ಯಾರೂ ಬೈಯಬೇಕಾಗಿಲ್ಲ, ಹೊಗಳಬೇಕಾಗಿಯೂ ಇಲ್ಲ. ಎರಡನೇ ವಾರ ಅವಳೇ ಅಜ್ಜಿ ಜಾಸ್ತಿ, ಪೀಠಿಕೆ ಕಡಿಮೆ ಮಾಡಿಕೊಂಡು ಬರುತ್ತಾಳೆ. ನಾನು ಕಲಿಸಿದ್ದೇನೂ ಇಲ್ಲ.

ವಿಷಯ ಕೊಡುವಾಗ ದಯವಿಟ್ಟು ಪರಿಸರ ಸಂರಕ್ಷಣೆ, ಮೊಬೈಲ್‌ನ ದುಷ್ಪರಿಣಾಮ ಇಂಥವು ಕೊಡಬೇಡಿ. ಯೂಟ್ಯೂಬ್‌ನಿಂದ ಇಳಿಸಿಕೊಂಡು ಬರುತ್ತಾರೆ. ನಮ್ಮಲ್ಲಿ ಒಬ್ಬ ಹುಡುಗನ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅವನು ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಒಂದು ಭಾನುವಾರ ನಾನೇ ಕೇಳಿದೆ, ಅಕ್ಕಿ ಹುರಿದರೆ ಕೆಂಪಗಾಗುತ್ತೆ, ಮಂಡಕ್ಕಿ ಹೇಗೋ ಬೆಳ್ಳಗೆ ಅರಳುತ್ತೆ? ನಿಜವಾಗಲೂ ನನಗೆ ಗೊತ್ತಿರಲಿಲ್ಲ. ಅವನಿಗೆ ನನ್ನ ದಡ್ಡತನ ನೋಡಿ ತಡೆಯಲಾಗಲಿಲ್ಲ. ಸುಮ್ನೆ ಅಕ್ಕಿ ಹುರಿದರೆ ಆಗಲ್ಲ ಸರ್ ಅಂತ ಎದ್ದ. ಮೊದಲು ಭತ್ತ ನೆನೆಸಿ ಬೇಯಿಸಬೇಕು, ಒಣಗಿಸಬೇಕು, ಆಮೇಲೆ ಮಿಲ್ಲಿಗೆ ಹಾಕಿ ಅಕ್ಕಿ ಮಾಡಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಹಾಕಬೇಕು, ಮರಳು ಕಡಿಮೆ ಕಾದಿದ್ದರೆ ಅರಳಲ್ಲ, ಜಾಸ್ತಿ ಕಾದಿದ್ದರೆ ಸೀದು ಹೋಗುತ್ತೆ, ಅಪ್ಪ ಮರಳಿನ ಬಿಸಿಯನ್ನು ಮುಖಕ್ಕೆ ಹೊಡೆಯುವ ಝಳದಲ್ಲೇ ಹೇಳುತ್ತಾರೆ, ಅಂತ ಕೈಯಲ್ಲಿ ಜರಡಿ ಹಿಡಿದವನ ಹಾಗೆ ಆಡಿಸುತ್ತಾ ನಾಲ್ಕು ನಿಮಿಷ ಹೇಳಿದ. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿ ನೋಡಬೇಕು ಅಂತ ನಾನು ಅವನಿಗೆ ಯಾವತ್ತೂ ಹೇಳಿಕೊಟ್ಟಿಲ್ಲ. ಗೊತ್ತಿಲ್ಲದವರಿಗೆ ಗೊತ್ತಿರುವವನು ಹೇಳುವಾಗ ಕೈ ತಾನೇ ಜಾಗ ಹುಡುಕಿಕೊಳ್ಳುತ್ತೆ. ನಿಮ್ಮ ಹದಿನೈದು ಮಕ್ಕಳಲ್ಲಿ ಒಬ್ಬೊಬ್ಬರಿಗೆ ಏನು ಗೊತ್ತು, ನಿಮಗೆ ಗೊತ್ತಿಲ್ಲದ್ದು, ಅದನ್ನು ಪತ್ತೆ ಮಾಡಿ. ಮೊದಲ ತಿಂಗಳ ಕೆಲಸ ಅದೇ.

ವರ್ಷಕ್ಕೊಮ್ಮೆ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಇಲ್ಲಿಂದ ಅರವತ್ತು ಕಿಲೋಮೀಟರ್, ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್. ಕೋಟೆ ನೋಡುವುದಕ್ಕಲ್ಲ, ಅದನ್ನೆಲ್ಲ ಶಾಲೆ ಟ್ರಿಪ್‌ನಲ್ಲಿ ನೋಡಿರುತ್ತಾರೆ. ಗೈಡ್‌ಗಳನ್ನು ನೋಡಲು. ದಿನಕ್ಕೆ ನಾಲ್ಕೈದು ಸಲ ಅದೇ ಕಥೆ ಹೇಳುವವರು, ಯಾರ ಕೈಯಲ್ಲೂ ಚೀಟಿ ಇರಲ್ಲ. ನಮ್ಮ ಹುಡುಗರಿಗೆ ಕೆಲಸ ಏನೆಂದರೆ, ಕಥೆ ಬಿಟ್ಟು ಹೇಳುವ ರೀತಿ ಗಮನಿಸಬೇಕು. ಹೋದ ಸಲದ ಗೈಡ್ ಒಬ್ಬರು ಓಬವ್ವನ ಕಿಂಡಿ ಹತ್ತಿರ ಬಂದಾಗ ಏನೂ ಹೇಳಲಿಲ್ಲ. ಮೊದಲು ಎಲ್ಲರನ್ನೂ ಒಬ್ಬೊಬ್ಬರಾಗಿ ಆ ಸಂದಿಯಲ್ಲಿ ನುಗ್ಗಿಸಿದರು. ದಪ್ಪಗಿದ್ದವರು ಒಬ್ಬರು ಸಿಕ್ಕಿಕೊಂಡು ಎಲ್ಲರೂ ನಕ್ಕರು. ನಗು ನಿಲ್ಲಲಿ ಅಂತ ಕಾದರು. ಆಮೇಲೆ ಮೆಲ್ಲಗೆ, 'ಈಗ ನೀವು ಬಗ್ಗಿ ಬಂದ್ರಲ್ಲ, ಹೈದರಾಲಿ ಸೈನಿಕರೂ ಹೀಗೇ ತಲೆ ಮುಂದೆ ಹಾಕಿ ಬಂದದ್ದು' ಅಂದರು. ಒನಕೆ ಅನ್ನೋ ಪದ ಬರುವ ಮೊದಲೇ ನಮ್ಮ ಹುಡುಗರೆಲ್ಲ ತಲೆ ಮುಟ್ಟಿಕೊಂಡರು! ಪಕ್ಕದಲ್ಲೇ ಇನ್ನೊಬ್ಬ ಗೈಡ್ ಇಸವಿಗಳನ್ನು ಒಂದೇ ಉಸಿರಿಗೆ ಒದರುತ್ತಾ ಹೋದರು, ಅವರ ಗುಂಪು ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಇದರ ಬಗ್ಗೆ ನಡೆದ ಚರ್ಚೆ ಇದೆಯಲ್ಲ, ಅದು ನನ್ನ ಒಂದು ವರ್ಷದ ಭಾನುವಾರಗಳಿಗೆ ಸಮ. ಕಂಡಕ್ಟರ್ ಮಾತ್ರ ಎರಡು ಸಲ ಬೈದರು.

ಟಿಕೆಟ್ ಸಿಕ್ಕರೆ ನಾಟಕ ತೋರಿಸಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರು ಸುತ್ತಿ ನಾಟಕ ಆಡುತ್ತಿದೆ. ಕೊನೆ ಸಾಲಿನಲ್ಲಿ ಕೂರಿಸಿ, ಅಲ್ಲಿಗೂ ಮಾತು ಹೇಗೆ ಬಂತು ಅಂತ ಕೇಳಿ.

ಇನ್ನು ಹೆದರಿಕೆ. ಹೆದರಬೇಡ ಅಂತ ಹೇಳಬೇಡಿ. ಯಾರಿಗೂ ಅದರಿಂದ ಹೆದರಿಕೆ ಹೋಗಿಲ್ಲ. ನಾನು ಅವರಿಗೆ ಎರಡು ಸಂಶೋಧನೆ ಹೇಳುತ್ತೇನೆ, ಹುಡುಗರು ಮೇಷ್ಟ್ರ ಮಾತಿಗಿಂತ ಇಂಥದ್ದನ್ನು ಬೇಗ ನಂಬುತ್ತಾರೆ. 2003ರಲ್ಲಿ ಅಮೆರಿಕದ ಸವಿಟ್ಸ್ಕಿ ಮತ್ತು ಗಿಲೋವಿಚ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿದ್ದು ಇದು: ನಮ್ಮ ನಡುಕ ನಮಗೆ ಕಾಣುವಷ್ಟು ಎದುರಿಗಿದ್ದವರಿಗೆ ಕಾಣಲ್ಲ. ಈ ವಿಷಯವನ್ನು ಭಾಷಣಕ್ಕೆ ಮುಂಚೆ ಕೆಲವು ವಿದ್ಯಾರ್ಥಿಗಳಿಗೆ ತಿಳಿಸಿದರು, ಅಷ್ಟಕ್ಕೇ ಅವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ನಮ್ಮ ರೂಮಿನಲ್ಲೇ ಇದನ್ನು ಮಾಡಿ ನೋಡಬಹುದು. ಮಾತಾಡಿದವರು ತಮ್ಮ ಹೆದರಿಕೆಗೆ ಹತ್ತಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆಯಲಿ, ಕೇಳಿದವರೂ ಬರೆಯಲಿ. ಅವನು ಒಂಬತ್ತು ಬರೆದಿರುತ್ತಾನೆ, ಉಳಿದವರು ನಾಲ್ಕು. ಆ ಚೀಟಿ ಬಿಚ್ಚಿದಾಗ ಮುಖ ನೋಡಬೇಕು. ಇನ್ನೊಂದು 2014ರದ್ದು, ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಮಾಡಿದ್ದು. ಮಾತಿಗೆ ಮುಂಚೆ 'ನಾನು ಶಾಂತವಾಗಿದ್ದೇನೆ' ಅಂತ ಹೇಳಿಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಅನ್ನುವ ಅರ್ಥದ ಮಾತು ಹೇಳಿಕೊಂಡವರ ಭಾಷಣ ಕೇಳುಗರಿಗೆ ಹೆಚ್ಚು ಹಿಡಿಸಿತು. ಎದೆ ಹೊಡೆದುಕೊಳ್ಳುವುದು ಹೆದರಿಕೆಗೂ ಹುರುಪಿಗೂ ಒಂದೇ ತರಹ ಅಲ್ವಾ, ದುಗ್ಗಮ್ಮನ ಜಾತ್ರೆಯಲ್ಲಿ ತೊಟ್ಟಿಲು ಹತ್ತುವ ಮುಂಚೆಯೂ ಹೊಡೆದುಕೊಳ್ಳುತ್ತೆ.

ಚೀಟಿ ಬೇಕು ಅನ್ನುವವರಿಗೆ ಅಂಗೈಯಷ್ಟು ಕಾಗದ ಕೊಡಿ. ಮೊದಲ ವಾಕ್ಯ ಪೂರ್ತಿ, ಕೊನೇ ವಾಕ್ಯ ಪೂರ್ತಿ, ನಡುವೆ ಮೂರೇ ಪದ. ನಡುವಿನದ್ದು ಉರು ಹೊಡೆದರೆ ನನ್ನ ಹಾಗೆ ಗಣ್ಯರಾಗುತ್ತಾರೆ.

ಟೋಸ್ಟ್‌ಮಾಸ್ಟರ್ಸ್ ಬಗ್ಗೆ ಕೇಳಿರಬಹುದು. ಸದಸ್ಯರು ಸೇರಿ ಭಾಷಣ ಅಭ್ಯಾಸ ಮಾಡುವ ಕ್ಲಬ್‌ಗಳ ಸಂಸ್ಥೆ ಅದು, 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ್ದು. ಸದಸ್ಯರಾಗಲು 18 ವರ್ಷ ಆಗಿರಬೇಕು, ಹಾಗಾಗಿ ನಿಮ್ಮ ಮಕ್ಕಳಿಗೆ ಈಗ ಆಗಲ್ಲ, ಆದರೆ ಅವರ ಪದ್ಧತಿ ಕದಿಯಬಹುದು. ಹಸಿರು, ಹಳದಿ, ಕೆಂಪು ತೋರಿಸಿ ಸಮಯ ತಿಳಿಸುವುದು ಬಹಳ ಒಳ್ಳೆಯದು. 'ಆಂ, ಊಂ' ಎಷ್ಟು ಬಂತು ಅಂತ ಎಣಿಸಲು ಒಬ್ಬರನ್ನು ಕೂರಿಸುತ್ತಾರೆ, ಅದನ್ನೂ ಮಾಡಿಸಿ ನೋಡಿದೆ. 'ಮತ್ತೆ', 'ಆಮೇಲೆ', 'ಅಂದ್ರೆ' ಎಣಿಸಿದೆವು. ಮೂರೇ ವಾರಕ್ಕೆ ಬಿಟ್ಟೆ. ದೊಡ್ಡವರಿಗೆ ಸರಿ, ಈಗಷ್ಟೇ ಬಾಯಿ ಬಿಡುತ್ತಿರುವ ಮಕ್ಕಳು ಎಣಿಕೆಗೆ ಹೆದರಿ ಮತ್ತೆ ಮುಚ್ಚಿಕೊಳ್ಳುತ್ತಾರೆ.

ಸಮಯ ನೋಡುವ ಕೆಲಸ ಮಾತ್ರ ಸುಮ್ಮನೆ ಕೂರುವವರಿಗೆ ಕೊಡಿ. ನಮ್ಮಲ್ಲಿ ಪಿಯುಸಿ ಹುಡುಗಿ ಒಬ್ಬಳು ಐದು ತಿಂಗಳು ಬಂದಳು, ಒಂದು ಮಾತಿಲ್ಲ. ಒತ್ತಾಯ ಮಾಡಲಿಲ್ಲ, ಮೂರು ಬಣ್ಣದ ರಟ್ಟು ಕೈಗೆ ಕೊಟ್ಟೆ. ಒಂದು ದಿನ ನಾನೇ ಏನೋ ಹೇಳುತ್ತಾ ಇದ್ದೆ, ಕೆಂಪು ರಟ್ಟು ಎತ್ತಿದಳು, ನಾನು ನೋಡಲಿಲ್ಲ. ಎದ್ದು ನಿಂತು 'ಸರ್, ನಿಮ್ದು ಆರು ನಿಮಿಷ ಜಾಸ್ತಿ ಆಗಿದೆ, ಹೇಳಿದ್ದೇ ಹೇಳ್ತಾ ಇದೀರಿ' ಅಂದಳು. ಈಗ ಅವಳು ಬಿ.ಕಾಂ. ಓದುತ್ತಿದ್ದಾಳೆ, ರಜೆಯಲ್ಲಿ ಬಂದರೆ ಚಿಕ್ಕವರ ಗುಂಪು ಅವಳೇ ನಡೆಸುತ್ತಾಳೆ, ನನಗಿಂತ ಕಟ್ಟುನಿಟ್ಟು.

ತೊದಲುವ ಮಗು ಇದ್ದರೆ ಬೇರೆ ವಿಷಯ. ನಿಧಾನ ಮಾತಾಡು, ಉಸಿರು ತಗೋ ಅಂತ ನಡುವೆ ಬಾಯಿ ಹಾಕಬೇಡಿ, ವಾಕ್ಯ ನೀವು ಮುಗಿಸಬೇಡಿ, ಕಾಯಿರಿ. ತಂದೆತಾಯಿಗೆ ವಾಕ್ ತಜ್ಞರನ್ನು ನೋಡಲು ಹೇಳಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ನಿಮ್ಮ ಅಥವಾ ನನ್ನ ಕೈಯಲ್ಲಿ ಆಗುವ ಕೆಲಸ ಅದಲ್ಲ.

ಇಂಗ್ಲಿಷ್ ವಿಷಯಕ್ಕೆ ಬಂದರೆ, ತಂದೆತಾಯಿ ಇದನ್ನೇ ಕೇಳುತ್ತಾರೆ, ಗೊತ್ತು. ಮೊದಲ ಆರು ತಿಂಗಳು ಮನೆಯ ಮಾತಿನಲ್ಲೇ ಬಿಡಿ. 'ಬಂದೀನ್ರೀ' ಅಂದರೆ ಹಾಗೇ ಇರಲಿ, ಪುಸ್ತಕದ ಕನ್ನಡಕ್ಕೂ ತಿದ್ದಬೇಡಿ. ನಮ್ಮಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಮಾತಾಡುವವರೂ ಇದ್ದಾರೆ. ಒಬ್ಬಳು ಲಂಬಾಣಿಯಲ್ಲಿ ಹೇಳಿ ಪಕ್ಕದವಳು ಕನ್ನಡ ಮಾಡಿದಳು, ಇಬ್ಬರಿಗೂ ಅಭ್ಯಾಸ ಆಯಿತು. ಒಂದು ವಿಷಯವನ್ನು ತನ್ನ ಭಾಷೆಯಲ್ಲಿ ಜೋಡಿಸಿ ಹೇಳಲು ಬಂದವರಿಗೆ ಇಂಗ್ಲಿಷ್‌ನಲ್ಲಿ ಬರೀ ಪದ ಬೇಕಾಗುತ್ತೆ. ಜೋಡಿಸಲು ಬಾರದವರಿಗೆ ಇಂಗ್ಲಿಷ್ ಬಂದರೂ 'ಮೈಸೆಲ್ಫ್' ಆದ ಮೇಲೆ ನಿಂತುಹೋಗುತ್ತೆ. ಇಂಟರ್‌ವ್ಯೂ ಹತ್ತಿರ ಇರುವ ಪಿಯುಸಿ, ಡಿಪ್ಲೊಮಾದವರಿಗೆ ಮಾತ್ರ ನಾನು ವಾರಕ್ಕೆ ಒಂದು ಸುತ್ತು ಇಂಗ್ಲಿಷ್ ಇಡುತ್ತೇನೆ.

ಸ್ಪರ್ಧೆ? ಪ್ರತಿಭಾ ಕಾರಂಜಿಯ ಆಶುಭಾಷಣಕ್ಕೆ ಕಳಿಸಿ, ಆದರೆ ನಿಮ್ಮ ರೂಮಿನಲ್ಲಿ ಹತ್ತಿಪ್ಪತ್ತು ಸಲ ಮಾತಾಡಿದ ಮೇಲೆ. ಅದಕ್ಕಿಂತ ನನಗೆ ಇಷ್ಟ ಮಕ್ಕಳ ಗ್ರಾಮಸಭೆ. ನಿಮ್ಮಲ್ಲಿ ಸುತ್ತಲಿನ ಹಳ್ಳಿಗಳಿಂದ ಬರುವವರಿದ್ದರೆ ಅವರ ಪಂಚಾಯಿತಿಯಲ್ಲಿ ಯಾವಾಗ ಅಂತ ಕೇಳಿಸಿ, ಸಾಮಾನ್ಯವಾಗಿ ಮಕ್ಕಳ ದಿನಾಚರಣೆ ಆಸುಪಾಸಿನಿಂದ ಶುರುವಾಗುತ್ತವೆ. ಅಲ್ಲಿ ತೀರ್ಪುಗಾರರು ಇರಲ್ಲ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಅಂತ ಹೇಳಬೇಕು, ಎದುರಿಗೆ ಪಿಡಿಒ ಕೂತಿರುತ್ತಾರೆ, ಉತ್ತರ ಕೊಡಬೇಕು. ನಮ್ಮ ಹುಡುಗನೊಬ್ಬ ಹೀಗೇ ಕೇಳಿ ಬಂದ. ನೀರು ಬಂದದ್ದು ಎಂಟು ತಿಂಗಳ ಮೇಲೆ, ಅಷ್ಟರಲ್ಲಿ ಅವನು ಇನ್ನೂ ಎರಡು ಸಲ ಹೋಗಿ ಕೇಳಿದ್ದ.

ಮೈಕ್ ಬಗ್ಗೆ ಒಂದು ಮಾತು. ಅದನ್ನು ಒಂದು ಸಲವಾದರೂ ಕೈಗೆ ಕೊಟ್ಟು ಅಭ್ಯಾಸ ಮಾಡಿಸಿ, ಶಾಮಿಯಾನದವರಲ್ಲಿ ಕೇಳಿದರೆ ಒಂದು ಗಂಟೆಗೆ ಕೊಡುತ್ತಾರೆ. ಗದ್ದದ ಹತ್ತಿರ, ಬಾಯಿಂದ ಒಂದು ಮುಷ್ಟಿ ದೂರ. ತಮ್ಮ ದನಿ ಮೊದಲ ಸಲ ಸ್ಪೀಕರ್‌ನಲ್ಲಿ ಕೇಳಿ ಬೆಚ್ಚುವುದು ವೇದಿಕೆ ಮೇಲೆ ಆಗಬಾರದು.

ಫೀಸು ನಿಮಗೆ ಬಿಟ್ಟದ್ದು. ಮನೆಪಾಠಕ್ಕೆ ಹೇಗೂ ತಗೋತೀರಿ, ಇದಕ್ಕೆ ಬೇರೆ ಬೇಡ ಅಂತ ನನ್ನ ಅಭಿಪ್ರಾಯ, ಫೀಸ್ ಕೊಟ್ಟ ಅಪ್ಪ ಮೂರನೇ ವಾರಕ್ಕೆ 'ಎಲ್ಲಿ, ಮಾತಾಡು ನೋಡೋಣ' ಅಂತ ನೆಂಟರ ಮುಂದೆ ನಿಲ್ಲಿಸುತ್ತಾನೆ. ನನಗೆ ಖರ್ಚು ಅಂದರೆ ವಾರವಾರ ಮಂಡಕ್ಕಿ, ಮೆಣಸಿನಕಾಯಿ. ಅದನ್ನು ಎಲ್ಲ ಮುಗಿದ ಮೇಲೆ ಹಂಚಿ. ಮೊದಲ ವರ್ಷ ಶುರುವಿನಲ್ಲೇ ಹಂಚುತ್ತಿದ್ದೆ, ಒಂದು ಗಂಟೆ ಬರೀ ಕರಂ ಕುರುಂ ಸದ್ದು.