ಹೌದು, ಹೊಲದಲ್ಲೇ ಸಿಕ್ಕಿದ್ದು
ಆಲೂಗಡ್ಡೆ ಹೊಲದಲ್ಲಿ ಸಿಕ್ಕ ಜಪಾನಿನ ಮಣ್ಣಿನ ಗೊಂಬೆಯ ಕಥೆ ನಿಜವಾ, ಹಕೊದಾತೆ ನಗರಕ್ಕೆ ಹೋದರೆ ಅದನ್ನು ನೋಡಬಹುದಾ ಎಂದು ಕೇಳಿದ್ದೀರಿ. ಎರಡಕ್ಕೂ ಹೌದು.

1975ರಲ್ಲಿ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಮಿನಾಮಿಕಯಾಬೆ ಊರಿನಲ್ಲಿ ಒಬ್ಬ ಗೃಹಿಣಿ ತಮ್ಮ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದರು. ಆಗ ಮಣ್ಣಿನೊಳಗಿಂದ ಈ ಗೊಂಬೆ ಸಿಕ್ಕಿತು. ವಯಸ್ಸು ಸುಮಾರು 3500 ವರ್ಷ, ಜೋಮೋನ್ ಅನ್ನುವ ಇತಿಹಾಸಪೂರ್ವ ಕಾಲದ್ದು. ಜಪಾನಿನಲ್ಲಿ ಇಂಥ ಗೊಂಬೆಗಳನ್ನು ದೊಗೂ ಅನ್ನುತ್ತಾರೆ. ಇದರ ಎತ್ತರ 41.5 ಸೆಂಟಿಮೀಟರ್. ಎರಡೂ ಕೈಗಳು ಇಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಅದನ್ನು ಮಾಡಿದ ಕೈಚಳಕ. ಒಳಗೆ ಪೂರ್ತಿ ಟೊಳ್ಳು, ಗೋಡೆ ತುಂಬಾ ತೆಳು. ಇಷ್ಟು ದೊಡ್ಡ ಟೊಳ್ಳು ಗೊಂಬೆಯನ್ನು ಬಿರುಕು ಬಿಡದಂತೆ ಸುಡುವುದು ಸುಲಭವಲ್ಲ. ಕುಂಬಾರಿಕೆ ಮಾಡುವವರನ್ನು ಕೇಳಿ ನೋಡಿ, ಗೊತ್ತಾಗುತ್ತದೆ. ಮೈಮೇಲಿನ ಗೆರೆ, ಉಬ್ಬು ಪಟ್ಟಿಗಳನ್ನೂ ಎಷ್ಟು ತಾಳ್ಮೆಯಿಂದ ಮಾಡಿದ್ದಾರೆ!

2007ರಲ್ಲಿ ಇದು ರಾಷ್ಟ್ರೀಯ ನಿಧಿಯಾಯಿತು. ಹೊಕ್ಕೈಡೊಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 2009ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೂ ಹೋಗಿ ಬಂತು. ಊರಿನವರು ಪ್ರೀತಿಯಿಂದ ಇಟ್ಟ ಹೆಸರು ‘ಕಾಕ್ಕೂ’. ಕಯಾಬೆಯ ‘ಕಾ’, ಟೊಳ್ಳು ಅನ್ನುವ ಪದದ ‘ಕೂ’ ಸೇರಿ ಆ ಹೆಸರು.

ಈಗ ಅದು ಹಕೊದಾತೆ ಜೋಮೋನ್ ಸಂಸ್ಕೃತಿ ಕೇಂದ್ರದಲ್ಲಿದೆ. 2011ರಲ್ಲಿ ತೆರೆದದ್ದು, ಸಿಕ್ಕಿದ ಊರಿನ ಕಡೆಯೇ ಇದೆ. ಟೋಕಿಯೊಗೆ ಒಯ್ಯದೆ ಅಲ್ಲೇ ಉಳಿಸಿಕೊಂಡದ್ದು ಬಹಳ ಒಳ್ಳೆಯದಾಯಿತು ಅಲ್ವಾ? ಆದರೆ ಒಂದು ಮಾತು: ಕೇಂದ್ರ ನಗರದ ನಡುಭಾಗದಿಂದ ದೂರ. ಅಲ್ಲದೆ ಗೊಂಬೆ ಆಗಾಗ ಬೇರೆ ಪ್ರದರ್ಶನಗಳಿಗೆ ಹೋಗುತ್ತದೆ. ಹೊರಡುವ ಮುಂಚೆ ಅಸಲಿ ಗೊಂಬೆ ಅಲ್ಲಿದೆಯಾ ಎಂದು ಕೇಂದ್ರದವರನ್ನೇ ಕೇಳಿಕೊಳ್ಳಿ.