ಎಕ್ಸ್‌-ರೇಯಲ್ಲಿ ಕಾಣದ ಮಣಿಕಟ್ಟಿನ ಬಿರುಕು

ಬಿದ್ದ ಮೇಲೆ ಉಳಿದಿರುವ ಮಣಿಕಟ್ಟಿನ ನೋವಿಗೆ ಎಣ್ಣೆ ಉಜ್ಜಿಸಬಹುದೇ ಎಂದು ನೀವು ಕೇಳಿದ್ದೀರಿ. ಸ್ಕೂಟರಿನಿಂದ ಬೀಳುವಾಗ ಅಂಗೈ ಊರಿದ್ದು, ಅಂದಿನ ಎಕ್ಸ್‌-ರೇಯಲ್ಲಿ ಏನೂ ಕಾಣದಿದ್ದರೂ 12 ದಿನಗಳ ನಂತರವೂ ಹೆಬ್ಬೆರಳಿನ ಬುಡದ ನೋವು ಉಳಿದಿದೆಯೆಂದರೆ, ಮೊದಲು ಶಂಕಿಸಬೇಕಾದದ್ದು ಸ್ಕೇಫಾಯ್ಡ್ ಎಂಬ, ಗೋಡಂಬಿಯನ್ನು ಹೋಲುವ ಪುಟ್ಟ ಮೂಳೆಯ ಬಿರುಕನ್ನು. ಮೊದಲ ದಿನದ ಚಿತ್ರದಲ್ಲಿ ಅದು ಎಷ್ಟೋ ಬಾರಿ ಕಾಣುವುದೇ ಇಲ್ಲ, ನನ್ನದೂ ಕಂಡಿರಲಿಲ್ಲ.

ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಅದರ ಬುಡದಲ್ಲಿ, ಹುರಿಯಂತೆ ಎದ್ದು ನಿಲ್ಲುವ ಸ್ನಾಯುರಜ್ಜುಗಳ ನಡುವೆ ಒಂದು ಕುಳಿ ಮೂಡುತ್ತದೆ. ಅಲ್ಲಿ ಇನ್ನೊಂದು ಕೈಯ ತೋರುಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಚುಚ್ಚಿದಂತೆ ನೋವಾದರೆ ಶಂಕೆ ಬಲವಾಗುತ್ತದೆ, ಖಚಿತವಾಗುವುದಿಲ್ಲ. ಮೂಳೆಗಳನ್ನು ಜೋಡಿಸುವ ಅಸ್ಥಿಬಂಧಕ್ಕೆ ಪೆಟ್ಟಾಗಿದ್ದರೂ ಹಾಗೆಯೇ ನೋಯಬಹುದು.

ಇಂದಿನಿಂದಲೇ ಹೆಬ್ಬೆರಳನ್ನೂ ಸೇರಿಸಿ ಮಣಿಕಟ್ಟು ಅಲುಗದಂತೆ ಹಿಡಿಯುವ ಆಸರೆಪಟ್ಟಿ (ಸ್ಪ್ಲಿಂಟ್) ಧರಿಸಿ, ಆ ಕೈಯಿಂದ ಭಾರ ಎತ್ತುವುದನ್ನು ನಿಲ್ಲಿಸಿ. ಅನಂತರ ಮೂಳೆತಜ್ಞರ ಬಳಿ ಸ್ಕೇಫಾಯ್ಡ್ ಚೆನ್ನಾಗಿ ಕಾಣುವ ಕೋನಗಳಲ್ಲಿ ಮತ್ತೊಮ್ಮೆ ಎಕ್ಸ್‌-ರೇ ತೆಗೆಸಿ. 10ರಿಂದ 14 ದಿನ ಕಳೆದ ಮೇಲೆ ಗೆರೆ ಸ್ಪಷ್ಟವಾಗುವ ಸಾಧ್ಯತೆ ಹೆಚ್ಚು. ಆಗಲೂ ಕಾಣದಿದ್ದರೆ ಎಂಆರ್‌ಐ ಬಗ್ಗೆ ನೀವೇ ಕೇಳಿ.

ತುಂಡುಗಳು ಜರುಗಿರದಿದ್ದರೆ ಸಾಮಾನ್ಯವಾಗಿ 6ರಿಂದ 12 ವಾರಗಳ ಪ್ಲಾಸ್ಟರ್ ಸಾಕಾಗುತ್ತದೆ. ಜರುಗಿದ್ದರೆ, ಅಥವಾ ಬಿರುಕು ಮುಂಗೈ ಕಡೆಯ ತುದಿಯಲ್ಲಿದ್ದರೆ, ಸಣ್ಣ ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಈ ಮೂಳೆಗೆ ರಕ್ತವು ಬಹುಪಾಲು ಬೆರಳುಗಳ ಕಡೆಯಿಂದ ಹಿಮ್ಮುಖವಾಗಿ ಬರುವುದರಿಂದ, ನಡುವೆ ಸೀಳಿದಾಗ ಮುಂಗೈ ಕಡೆಯ ತುಂಡಿಗೆ ರಕ್ತ ತಪ್ಪಿ ಮೂಳೆ ಕೂಡದೆಯೇ ಉಳಿಯುವ ಅಪಾಯವಿದೆ. ನೀವು ಕೇಳಿದ ಎಣ್ಣೆ ಉಜ್ಜಿಸುವ ಯೋಚನೆಯನ್ನು ಅದಕ್ಕಾಗಿಯೇ ಕೈಬಿಡಿ. ಬೆರಳುಗಳು ಜೋಮು ಹಿಡಿದರೆ ಅಥವಾ ತಣ್ಣಗಾದರೆ ಮಾತ್ರ ಮರುದಿನಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.