ಎರಡು ಸುತ್ತು ಗೆದ್ದವರು ಸೋತಿದ್ದು ಹೇಗೆ?

ಮದ್ದೂರಿನ ಓದುಗರೊಬ್ಬರ ಪತ್ರ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಮೂರರಲ್ಲಿ ಎರಡು ಸುತ್ತು ಗೆದ್ದೂ ಸೋತರು. ಇದು ಮೋಸ ಅಲ್ವಾ? ಏಟು ಎಣಿಸಲು ಯಂತ್ರ ಇಡಬಾರದೇ? ನಮ್ಮ ದಸರಾ ಕುಸ್ತಿಯಲ್ಲಿ ಹೀಗಾಗಿದ್ದರೆ ಜನ ಸುಮ್ನೆ ಬಿಡ್ತಿದ್ರಾ?

ಸಂಪಾದಕರ ಉತ್ತರ:

ಬಿಡುತ್ತಿರಲಿಲ್ಲ, ನಿಜ. ಆದರೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದ್ದು ಕೊನೇ ಸಾಲಿನವರಿಗೂ ಕಾಣುತ್ತದೆ. ಅರಮನೆಯ ವಜ್ರಮುಷ್ಟಿ ಕಾಳಗದಲ್ಲಂತೂ ತಲೆಯಿಂದ ರಕ್ತ ಚಿಮ್ಮಿದರೆ ಮುಗಿಯಿತು. ಬಾಕ್ಸಿಂಗ್‌ನಲ್ಲಿ ನಾಕೌಟ್ ಆಗದಿದ್ದರೆ ರಿಂಗ್ ಸುತ್ತ ಕೂತ ಐವರು ತೀರ್ಪುಗಾರರೇ ಗತಿ.

2021ರ ಜುಲೈ 29ರ ಆ ಪಂದ್ಯದ ಲೆಕ್ಕ ನೋಡಿ. ಎದುರಾಳಿ ಕೊಲಂಬಿಯಾದ ಇಂಗ್ರಿಟ್ ವೇಲೆನ್ಸಿಯಾ. ಮೊದಲ ಸುತ್ತಿನಲ್ಲಿ ಐವರಲ್ಲಿ ನಾಲ್ವರು ಅವರ ಕಡೆ. ಮುಂದಿನ ಎರಡೂ ಸುತ್ತು 3–2ರಿಂದ ಮೇರಿಗೆ. ಆದರೆ ಯಾರು ಎಷ್ಟು ಸುತ್ತು ಗೆದ್ದರು ಅಂತ ನೋಡಿ ತೀರ್ಪು ಕೊಡುವುದಿಲ್ಲ. ಒಬ್ಬೊಬ್ಬ ತೀರ್ಪುಗಾರರೂ ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಕೊಡುತ್ತಾರೆ. ಮೂರೂ ಸುತ್ತಿನದನ್ನು ಅವರವರದ್ದೇ ಬೇರೆ ಬೇರೆ ಕೂಡುತ್ತಾರೆ. ಹಾಗೆ ಕೂಡಿದಾಗ ಐವರಲ್ಲಿ ಮೂವರ ಮೊತ್ತ ವೇಲೆನ್ಸಿಯಾ ಕಡೆ ವಾಲಿತು. ಲೆಕ್ಕದಲ್ಲಿ ಮೋಸವಿಲ್ಲ.

ಕಷ್ಟ ಬೇರೆ ಕಡೆ ಇದೆ. ಕೂದಲೆಳೆಯಲ್ಲಿ ಗೆದ್ದ ಸುತ್ತಿಗೂ ಅದೇ 10–9, ಚೆನ್ನಾಗಿ ಬಾರಿಸಿ ಗೆದ್ದದ್ದಕ್ಕೂ ಹೆಚ್ಚಾಗಿ ಅದೇ. ಜೊತೆಗೆ ಬಾಕ್ಸರ್ ಬೆನ್ನು ಅಡ್ಡ ಬಂದರೆ ಆ ಬದಿ ಕೂತವರಿಗೆ ಏಟು ಬಿದ್ದದ್ದೇ ಕಾಣದು. ಗ್ಲೌಸ್‌ನ ಗೆಣ್ಣಿನ ಭಾಗ ತಾಗಿತೋ, ಒಳಬದಿ ಸವರಿತೋ, ಅದೂ ಆ ಕ್ಷಣದಲ್ಲೇ ಗೊತ್ತಾಗಬೇಕು. ನಾವು ಟಿವಿಯಲ್ಲಿ ಮತ್ತೆ ಮತ್ತೆ ನೋಡಿ ಬೈಯುವುದು ಸುಲಭ ಬಿಡಿ.

ಯಂತ್ರದ ಮಾತು. ಅದನ್ನೂ ಇಟ್ಟು ನೋಡಿದ್ದಾರೆ. 1988ರ ಸಿಯೋಲ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಏಟು ಕೊಟ್ಟು 32 ತಿಂದಿದ್ದರು. ಚಿನ್ನ ಮಾತ್ರ ಕೊರಿಯಾದ ಪಾರ್ಕ್ ಸಿ ಹುನ್‌ಗೆ, 3–2ರಿಂದ! ಅದು ಅನ್ಯಾಯವೇ, ಅದಕ್ಕೆ ನಾನು ಸಬೂಬು ಹೇಳಲಾರೆ. 1992ರ ಒಲಿಂಪಿಕ್ಸ್‌ಗೆ, ಏಟು ಬಿದ್ದಾಗ ತೀರ್ಪುಗಾರರು ಒತ್ತುವ ಬಟನ್ ಬಂತು. ಐವರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಒತ್ತಿದರೆ ಒಂದು ಅಂಕ. ಪಟಪಟನೆ ನಾಲ್ಕು ಬಾರಿಸಿದರೆ ಎಲ್ಲವೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೊಟ್ಟೆಗೆ ಬಿದ್ದದ್ದಂತೂ ಎಷ್ಟೋ ಸಲ ಇಲ್ಲವೇ ಇಲ್ಲ. ಹುಡುಗರು ಮುಟ್ಟಿ ಓಡುವುದನ್ನು ಕಲಿತರು. 2013ರಲ್ಲಿ ಅದನ್ನು ಕೈಬಿಟ್ಟರು.

ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ. 2012ರ ಲಂಡನ್‌ನಲ್ಲಿ ನಮ್ಮ ವಿಕಾಸ್ ಕೃಷ್ಣ 13–11ರಿಂದ ಗೆದ್ದಿದ್ದರು. ಅಮೆರಿಕ ದೂರು ಕೊಟ್ಟಿತು. ವಿಕಾಸ್ ಮಾಡಿದ ಫೌಲ್‌ಗಳನ್ನು ಲೆಕ್ಕ ಹಾಕಿ ಎದುರಾಳಿ ಎರೊಲ್ ಸ್ಪೆನ್ಸ್‌ಗೆ 4 ಅಂಕ ಸೇರಿಸಿ ಫಲಿತಾಂಶವನ್ನೇ ತಿರುಗಿಸಿದರು. ಮೇರಿಗೆ ಟೋಕಿಯೊದಲ್ಲಿ ಅಂಥ ದೂರು ಕೊಡುವ ದಾರಿಯೂ ಇರಲಿಲ್ಲ. ಸಿಟ್ಟು ಮಾಡುವುದಿದ್ದರೆ ಅದರ ಮೇಲೆ ಮಾಡಿ.